50 ದಿನ, 500 ದಿನ, 12 ವರ್ಷ

ಪ್ರಿಯ ಓದುಗರೇ,

ನಿಮ್ಮ ಪತ್ರ ಓದಿ ಜೋರಾಗಿ ನಕ್ಕೆ. ‘ಹವಾಮಾನದ ಬಗ್ಗೆ ರಾಜಕಾರಣಿಗಳು ಕೊಟ್ಟ ಗಡುವುಗಳನ್ನು ನಂಬಿದ್ದರೆ ಲೋಕ ಇಷ್ಟು ಹೊತ್ತಿಗೆ ನಾಲ್ಕು ಸಲ ಮುಳುಗಬೇಕಿತ್ತು. ನಾನಿನ್ನೂ ಬದುಕಿದ್ದೇನೆ, ಈ ವರ್ಷದ ಚಂದಾನೂ ಕಟ್ಟಿದ್ದೇನೆ’ ಎಂದು ಬರೆದಿದ್ದೀರಿ. ಜೊತೆಗೊಂದು ಪಟ್ಟಿ. ಕೊನೆಗೆ ‘ಇದೆಲ್ಲ ಬರೀ ಓಳು, ಅಲ್ವಾ?’ ಎಂಬ ಪ್ರಶ್ನೆ. ಪಟ್ಟಿಯನ್ನು ಪೂರ್ತಿ ಒಪ್ಪುತ್ತೇನೆ. ಕೊನೆಯ ಮಾತನ್ನು ಒಪ್ಪುವುದಿಲ್ಲ.

2009ರ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್, ಹವಾಮಾನದ ಅನಾಹುತ ತಪ್ಪಿಸಲು ಉಳಿದಿರುವುದು 50 ದಿನಕ್ಕಿಂತ ಕಡಿಮೆ ಎಂದರು. 2014ರ ಮೇ ತಿಂಗಳಲ್ಲಿ ಫ್ರಾನ್ಸ್‌ನ ವಿದೇಶಾಂಗ ಸಚಿವ ಲೊರಾಂ ಫಾಬಿಯುಸ್ 500 ದಿನ ಎಂದರು. ‘50 ದಿನ ಮುಗಿದ ಮೇಲೆ 500 ದಿನ ಎಲ್ಲಿಂದ ಸಿಕ್ಕಿತು?’ ಎಂದು ಕೇಳಿದ್ದೀರಿ. ಒಳ್ಳೆಯ ಪ್ರಶ್ನೆ. ನಾನೂ ಕ್ಯಾಲೆಂಡರ್ ಹಿಡಿದು ಕೂತೆ. ಬ್ರೌನ್ ಎಣಿಸಿದ್ದು ಅದೇ ಡಿಸೆಂಬರ್‌ನ ಕೋಪನ್‌ಹೇಗನ್ ಹವಾಮಾನ ಸಮ್ಮೇಳನಕ್ಕೆ ಇದ್ದ ದಿನಗಳನ್ನು. ಫಾಬಿಯುಸ್ ಹೇಳಿದ ಗಡುವಿನ ಹಿಂದಿದ್ದದ್ದು 2015ರ ಕೊನೆಯ ಪ್ಯಾರಿಸ್ ಸಮ್ಮೇಳನ. ಅದಕ್ಕೆ ಅವರೇ ಅಧ್ಯಕ್ಷರಾದರು. ಎರಡೂ ಸಭೆಯ ತಾರೀಖುಗಳು! ‘ಬೇಗ ಬಂದು ಸಹಿ ಹಾಕಿ’ ಎನ್ನುವ ಅವಸರ ಜನರ ಕಿವಿಗೆ ಪ್ರಳಯದ ಮುಹೂರ್ತವಾಗಿ ಬಿತ್ತು. ಹಾಗೆ ಬೀಳುವಂತೆ ಹೇಳಿದವರ ತಪ್ಪೇ ಜಾಸ್ತಿ.

12 ವರ್ಷದ್ದೂ ಹೀಗೇ. 2019ರ ಜನವರಿಯಲ್ಲಿ ಅಮೆರಿಕದ ಸಂಸದೆ ಅಲೆಕ್ಸಾಂಡ್ರಿಯಾ ಒಕಾಸಿಯೊ-ಕೊರ್ಟೆಜ್, ಏನೂ ಮಾಡದಿದ್ದರೆ 12 ವರ್ಷದಲ್ಲಿ ಲೋಕ ಮುಗಿಯುತ್ತದೆ ಎಂದರು. ಅದನ್ನು ಅಕ್ಷರಶಃ ತಗೋಬೇಡಿ ಎಂದು ಆಮೇಲೆ ಹೇಳಿದರು. ಆ 12ರ ಮೂಲ ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿ ಐಪಿಸಿಸಿ 2018ರಲ್ಲಿ ಕೊಟ್ಟ ವರದಿ. ಅದರಲ್ಲಿ ಲೋಕ ಮುಗಿಯುವ ಮಾತೇ ಇಲ್ಲ. ಕೈಗಾರಿಕೆಗಳಿಗೆ ಮುಂಚಿನ ಕಾಲಕ್ಕೆ ಹೋಲಿಸಿದರೆ ಭೂಮಿಯ ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸಬೇಕಾದರೆ 2030ರ ಹೊತ್ತಿಗೆ ನಾವು ಹೊರಬಿಡುವ ಕಾರ್ಬನ್ ಡೈಆಕ್ಸೈಡ್ 2010ಕ್ಕಿಂತ ಸುಮಾರು ಶೇ. 45ರಷ್ಟು ಇಳಿಯಬೇಕು ಎಂದಿದೆ. 2018ರಿಂದ 2030ಕ್ಕೆ 12 ವರ್ಷ, ಅಷ್ಟೇ. 1.5 ದಾಟಿದ ಮರುದಿನ ಎಲ್ಲ ಮುಗಿಯುವುದಿಲ್ಲ. 1.6 ಆದರೆ ಇನ್ನಷ್ಟು ಕಷ್ಟ, 1.7 ಆದರೆ ಅದಕ್ಕೂ ಹೆಚ್ಚು.

ಆಗ ಬ್ರಿಟನ್ ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ‘ಮಧ್ಯರಾತ್ರಿಗೆ ಒಂದೇ ನಿಮಿಷ’ ಎಂದು ಭಾಷಣ ಮಾಡಿ ಲಂಡನ್‌ಗೆ ವಿಮಾನದಲ್ಲಿ ವಾಪಸಾದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂದು ನೀವು ಬರೆದದ್ದಕ್ಕೆ ನಾನು ಸೇರಿಸುವುದೇನೂ ಇಲ್ಲ.

ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅಮೆರಿಕದ ಮಾಜಿ ಉಪಾಧ್ಯಕ್ಷ ಅಲ್ ಗೋರ್ ಮಾತು. ಐದರಿಂದ ಏಳು ವರ್ಷದಲ್ಲಿ ಉತ್ತರ ಧ್ರುವದ ಸಮುದ್ರದ ಹಿಮ ಬೇಸಿಗೆಯ ಕೆಲವು ತಿಂಗಳು ಪೂರ್ತಿ ಇಲ್ಲವಾಗುವ ಸಾಧ್ಯತೆ ಶೇ. 75 ಎಂದು ಅವರು 2009ರಲ್ಲಿ ಹೇಳಿದರು. ಯಾರ ಕೆಲಸದಿಂದ ಈ ಅಂಕಿ ಬಂತು ಎಂದರೋ ಆ ವಿಜ್ಞಾನಿಯೇ, ಇಷ್ಟು ಖಚಿತವಾಗಿ ನಾನು ಹೇಳುವುದಿಲ್ಲ ಎಂದರು. 2016 ಬಂತು, ಹೋಯಿತು. ಹಿಮ ಇತ್ತು. ಜನ ನಕ್ಕರು. ಆದರೆ ಎಷ್ಟು ಹಿಮ ಇತ್ತು? 1980ರ ಸುಮಾರಿಗೆ ಪ್ರತಿ ಸೆಪ್ಟೆಂಬರ್‌ನಲ್ಲಿ ಹೆಚ್ಚುಕಡಿಮೆ 70 ಲಕ್ಷ ಚದರ ಕಿಲೋಮೀಟರ್ ಉಳಿಯುತ್ತಿತ್ತು. ಆ ಗಡುವಿನೊಳಗೇ, 2012ರಲ್ಲಿ, ಉಳಿದದ್ದು ಸುಮಾರು 34 ಲಕ್ಷ. ಅರ್ಧಕ್ಕರ್ಧ! ಇದನ್ನೇ ಹೇಳಿದ್ದರೆ ಸಾಲದಿತ್ತೇ? ಒಂದು ತಪ್ಪು ತಾರೀಖಿನಿಂದಾಗಿ ಈ ನಿಜದ ಲೆಕ್ಕ ಯಾರ ಕಿವಿಗೂ ಬೀಳಲಿಲ್ಲ. ನನಗೆ ಸಿಟ್ಟು ಬರುವುದು ಇದಕ್ಕೆ.

ಹಾಗಂತ ಎಲ್ಲವೂ ಓಳು ಎಂದರೆ ನೆಗಡಿಗೆ ಮೂಗು ಕೊಯ್ದುಕೊಂಡ ಹಾಗಾಗುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಅಳೆಯುತ್ತಿದ್ದಾರೆ. ಶುರು ಮಾಡಿದವರು ಚಾರ್ಲ್ಸ್ ಡೇವಿಡ್ ಕೀಲಿಂಗ್. ಆ ಗ್ರಾಫನ್ನು ಒಮ್ಮೆ ಹತ್ತಿರದಿಂದ ನೋಡಿ. ಗೆರೆ ನೇರವಾಗಿಲ್ಲ, ಗರಗಸದ ಹಲ್ಲಿನಂತಿದೆ. ಪ್ರತಿ ಮೇ ತಿಂಗಳಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಭೂಮಿಯ ಉತ್ತರಾರ್ಧದ ಗಿಡಮರಗಳು ಚಿಗುರಿ ಇಂಗಾಲ ಎಳೆದುಕೊಳ್ಳುತ್ತವೆ, ಗೆರೆ ಇಳಿಯುತ್ತದೆ. ಎಲೆ ಉದುರಿ ಕೊಳೆತಾಗ ಮತ್ತೆ ಏರುತ್ತದೆ. ಇಡೀ ಭೂಮಿ ಉಸಿರಾಡುವುದು ಕಣ್ಣಿಗೆ ಕಾಣುತ್ತದೆ. ಆದರೆ ಪ್ರತಿ ಹಲ್ಲೂ ಹಿಂದಿನದಕ್ಕಿಂತ ಎತ್ತರ. ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಆಗ ಸುಮಾರು 315 ಇದ್ದದ್ದು 2024ರಲ್ಲಿ 420 ದಾಟಿದೆ. ಯಾವ ಪಕ್ಷ ಗೆದ್ದರೂ ಆ ಗೆರೆ ಏರುವುದು ನಿಂತಿಲ್ಲ.

ಇನ್ನು ಮುಂದೆ ನಮ್ಮ ಪತ್ರಿಕೆಯಲ್ಲಿ ಇಂಥ ಎಚ್ಚರಿಕೆ ಅಚ್ಚಾದರೆ, ಅದು ಯಾವ ವರದಿಯಿಂದ ಬಂತು, ವರದಿಯಲ್ಲಿ ನಿಜವಾಗಿ ಏನಿದೆ ಎಂದು ಪಕ್ಕದಲ್ಲೇ ಹಾಕುತ್ತೇವೆ. ನಿಮ್ಮ ಪಟ್ಟಿಯನ್ನು ಮುಂದುವರಿಸಿ ಕಳಿಸಿ. ಪ್ರಕಟಿಸುತ್ತೇವೆ, ಪ್ರತಿ ಮಾತಿನ ಎದುರಿಗೂ ಆ ವರ್ಷದ ಅಳತೆಯ ಜೊತೆಗೆ.

– ಸಂಪಾದಕ