ಸಭೆ ಒಂದು, ಸುದ್ದಿ ಇಪ್ಪತ್ತೇಳು

ಈ ಸಲದ ಪ್ರಶ್ನೆಗಳೆಲ್ಲ ಯುರೋಪಿಯನ್ ಒಕ್ಕೂಟದ ಸುತ್ತಲೇ ಇವೆ. ಅಲ್ಲಿ ಸುದ್ದಿ ಹೇಗೆ ಹುಟ್ಟುತ್ತದೆ, ಕಾಗದಪತ್ರ ಎಷ್ಟು ಸಿಗುತ್ತವೆ, 24 ಭಾಷೆಯವರು ಒಂದೇ ಕಟ್ಟಡದಲ್ಲಿ ಹೇಗೆ ಮಾತಾಡುತ್ತಾರೆ ಎಂದು ಕೇಳಿದ್ದೀರಿ. ಬಾಳೆಹಣ್ಣಿನ ಪ್ರಶ್ನೆಯೂ ಒಂದಿದೆ. ಅದಿಲ್ಲದೆ ಈ ವಿಷಯದ ಮಾತು ಮುಗಿಯುವುದೇ ಇಲ್ಲ.

ಪ್ರಶ್ನೆ: ಸರ್, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ಯುರೋಪಿನ ನಾಯಕರ ಒಂದೇ ಸಭೆಯ ವರದಿಯನ್ನು ಎರಡು ದೇಶಗಳ ಪತ್ರಿಕೆಗಳಲ್ಲಿ ಓದಿದೆ. ಎರಡರಲ್ಲೂ ‘ನಾವೇ ಗೆದ್ದೆವು’ ಎಂದಿತ್ತು. ಯಾರು ಸುಳ್ಳು ಹೇಳುತ್ತಿದ್ದಾರೆ? — ವಿದ್ಯಾರ್ಥಿನಿ, ಧಾರವಾಡ

ಬಹುಶಃ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ಅರ್ಧ ಹೇಳುತ್ತಿದ್ದಾರೆ.

ಆ ಸಭೆ ಮುಗಿಯುವ ರೀತಿ ನೋಡಿ, ಅರ್ಥವಾಗುತ್ತದೆ. 27 ದೇಶಗಳ ನಾಯಕರು ಒಕ್ಕೂಟದ ಮುಖ್ಯ ಕಚೇರಿಗಳಿರುವ ಬ್ರಸೆಲ್ಸ್‌ನಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಶುರುವಿನಲ್ಲಿ ಕ್ಯಾಮೆರಾದವರಿಗೆ ಸ್ವಲ್ಪ ಹೊತ್ತು ಒಳಗೆ ಬಿಡುತ್ತಾರೆ, ಕೈಕುಲುಕುವುದನ್ನು ತೋರಿಸುತ್ತಾರೆ, ಆಮೇಲೆ ಹೊರಗೆ. ಮಾತುಕತೆ ಎಷ್ಟೋ ಸಲ ನಡುರಾತ್ರಿ ದಾಟುತ್ತದೆ. ಮುಗಿದ ಮೇಲೆ ಎಲ್ಲರೂ ಒಂದೇ ವೇದಿಕೆಗೆ ಬಂದು ನಡೆದದ್ದನ್ನು ಹೇಳುತ್ತಾರಾ? ಇಲ್ಲ. ಸಭೆ ನಡೆಸಿದ ಅಧ್ಯಕ್ಷರದ್ದು ಒಂದು ಪತ್ರಿಕಾಗೋಷ್ಠಿ ಇರುತ್ತದೆ, ನಿಜ. ಆದರೆ ಪ್ರತಿ ದೇಶದ ನಿಯೋಗಕ್ಕೂ ಬೇರೆ ಕೋಣೆ ಇರುತ್ತದೆ. ಜರ್ಮನಿಯ ಚಾನ್ಸಲರ್ ತಮ್ಮ ದೇಶದ ವರದಿಗಾರರಿಗೆ ಜರ್ಮನ್‌ನಲ್ಲಿ ಹೇಳುತ್ತಾರೆ. ಪೋಲೆಂಡ್‌ನ ಪ್ರಧಾನಿ ತಮ್ಮವರಿಗೆ ಪೋಲಿಷ್‌ನಲ್ಲಿ ಹೇಳುತ್ತಾರೆ. ಎಲ್ಲವೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಎಲ್ಲ ಕೋಣೆಗೂ ಹೋಗಿ ಕೇಳಲು ಯಾವ ವರದಿಗಾರನಿಗೂ ಆಗದು. ಹೋದರೂ ಭಾಷೆ ಬರಬೇಕಲ್ಲ.

ಹೀಗಾಗಿ ಪ್ರತಿಯೊಬ್ಬ ನಾಯಕನೂ ತನ್ನ ಮತದಾರರಿಗೆ ತಾನು ತಂದದ್ದನ್ನು ಮಾತ್ರ ಎಣಿಸಿ ಹೇಳುತ್ತಾನೆ. ಬಿಟ್ಟುಕೊಟ್ಟದ್ದು ಪಕ್ಕದ ಕೋಣೆಯಲ್ಲಿ ಸುದ್ದಿಯಾಗುತ್ತಿರುತ್ತದೆ. ದೆಹಲಿಯಿಂದ ವಾಪಸಾದ ನಮ್ಮ ಮಂತ್ರಿಗಳು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮೈಕು ಹಿಡಿದವರಿಗೆ ಹೇಳುವ ಮಾತನ್ನು ನೆನಪಿಸಿಕೊಳ್ಳಿ.

ಇದರ ಇನ್ನೊಂದು ಮುಖ ಜಾಸ್ತಿ ಕೆಟ್ಟದ್ದು. ಒಕ್ಕೂಟದ ಹೆಚ್ಚಿನ ಕಾನೂನುಗಳಿಗೆ ಎರಡು ಕಡೆ ಒಪ್ಪಿಗೆ ಬೇಕು. ಒಂದು, ಜನ ಆರಿಸಿದ ಯುರೋಪಿಯನ್ ಪಾರ್ಲಿಮೆಂಟ್. ಇನ್ನೊಂದು, ದೇಶಗಳ ಮಂತ್ರಿಗಳು ಕೂರುವ ಕೌನ್ಸಿಲ್. ಕೌನ್ಸಿಲ್‌ನಲ್ಲಿ ಕೈಯೆತ್ತಿದ ಮಂತ್ರಿಯೇ ಊರಿಗೆ ಬಂದು ‘ಬ್ರಸೆಲ್ಸ್‌ನವರು ನಮ್ಮ ಮೇಲೆ ಹೇರಿದರು’ ಎನ್ನುತ್ತಾನೆ. ಒಳ್ಳೆಯದಾದರೆ ತನ್ನ ಸಾಧನೆ, ಕೆಟ್ಟದಾದರೆ ಬ್ರಸೆಲ್ಸ್. ಇದನ್ನು ಅಲ್ಲೇ ಹಿಡಿದು ಕೇಳುವ ಪತ್ರಿಕೆ ಬೇಕು. ಜನಸಾಮಾನ್ಯರೆಲ್ಲ ಓದುವ ಅಂಥ ಪತ್ರಿಕೆ ಇಡೀ ಯುರೋಪಿಗೆ ಒಂದೂ ಇಲ್ಲ.

ಪ್ರಯತ್ನಗಳು ಆಗಿವೆ. ಬ್ರಿಟನ್ನಿನ ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ 1990ರಲ್ಲಿ ‘ದಿ ಯುರೋಪಿಯನ್’ ಎಂಬ ಪತ್ರಿಕೆ ತಂದರು. ಅದು 1998ರಲ್ಲಿ ಮುಚ್ಚಿತು. ಯುರೋನ್ಯೂಸ್ 1993ರಲ್ಲಿ ಫ್ರಾನ್ಸಿನ ಲಿಯಾನ್‌ನಿಂದ ಶುರುವಾಯಿತು, ಈಗಲೂ ಹಲವು ಭಾಷೆಗಳಲ್ಲಿ ಇದೆ. ನನಗೆ ಇಷ್ಟವಾದ ಪ್ರಯೋಗ ‘ಆರ್ಟೆ’. ಫ್ರಾನ್ಸ್ ಮತ್ತು ಜರ್ಮನಿ 1990ರಲ್ಲಿ ಒಪ್ಪಂದ ಮಾಡಿಕೊಂಡು, 1992ರಲ್ಲಿ ಶುರು ಮಾಡಿದ ಟಿವಿ ವಾಹಿನಿ ಅದು. ಒಂದೇ ಕಾರ್ಯಕ್ರಮವನ್ನು ಎರಡೂ ದೇಶದವರು ತಮ್ಮ ತಮ್ಮ ಭಾಷೆಯಲ್ಲಿ ನೋಡುತ್ತಾರೆ. ಕಚೇರಿ ಇರುವುದು ಸ್ಟ್ರಾಸ್‌ಬರ್ಗ್‌ನಲ್ಲಿ. ಎರಡೂ ದೇಶಗಳು ಕಾದಾಡಿ ಕಿತ್ತುಕೊಳ್ಳುತ್ತಿದ್ದ ಊರದು. ಆದರೆ ಆರ್ಟೆ ಗೆದ್ದದ್ದು ಕಲೆ, ಸಿನಿಮಾ, ಸಾಕ್ಷ್ಯಚಿತ್ರಗಳಲ್ಲಿ. ದಿನದ ರಾಜಕೀಯ ಜಗಳಕ್ಕೆ ಜನ ತಮ್ಮ ದೇಶದ ವಾಹಿನಿಗೇ ಹೋಗುತ್ತಾರೆ.

ನೀವು ಓದುತ್ತಿರುವುದು ಪತ್ರಿಕೋದ್ಯಮ ಆದ್ದರಿಂದ ಒಂದು ಮಾತು. ಯುರೋಪಿಯನ್ ಕಮಿಷನ್ ವಾರದ ದಿನಗಳಲ್ಲಿ ಮಧ್ಯಾಹ್ನ 12ಕ್ಕೆ ವರದಿಗಾರರನ್ನು ಕೂರಿಸಿಕೊಂಡು ಪ್ರಶ್ನೆ ತೆಗೆದುಕೊಳ್ಳುತ್ತದೆ. (‘ಕಮಿಷನ್’ ಅಂದರೆ ನಮ್ಮ ಕಡೆ ಬೇರೆ ಅರ್ಥ ಹೊಳೆಯುತ್ತದೆ. ಇಲ್ಲಿ ಅದು ಒಕ್ಕೂಟದ ಆಡಳಿತ ನಡೆಸುವ ಸಂಸ್ಥೆ!) ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ನಡೆಯುತ್ತದೆ, ಇಂಟರ್ನೆಟ್‌ನಲ್ಲಿ ನೇರ ಪ್ರಸಾರ ಇರುತ್ತದೆ. ಧಾರವಾಡದಲ್ಲಿ ಚಳಿಗಾಲವಾದರೆ ಸಂಜೆ 4.30, ಬೇಸಿಗೆಯಾದರೆ 3.30. ಒಂದು ವಾರ ನೋಡಿ. ಪ್ರಶ್ನೆಯಿಂದ ನುಣುಚಿಕೊಳ್ಳುವುದು ಎಲ್ಲ ಭಾಷೆಯಲ್ಲೂ ಒಂದೇ ಥರ ಇರುತ್ತದೆ.

ಪ್ರಶ್ನೆ: ಬಾಗಿದ ಬಾಳೆಹಣ್ಣನ್ನು ಯುರೋಪ್ ನಿಷೇಧಿಸಿತ್ತಂತೆ, ನಿಜವೇ? ನಾನು ಬಾಳೆ ಬೆಳೆಯುವವನು, ನೇರ ಬಾಳೆಹಣ್ಣನ್ನು ಇವತ್ತಿನವರೆಗೆ ನೋಡಿಲ್ಲ. — ಓದುಗ, ಶಿರಸಿ

ನಿಷೇಧ ಇರಲಿಲ್ಲ. ನಿಯಮ ಇತ್ತು. 1994ರ 2257ನೇ ನಿಯಮ ಅದು. ಬಾಳೆಹಣ್ಣನ್ನು ಮೂರು ದರ್ಜೆ ಮಾಡಿ, ಹಣ್ಣಿಗೆ ವಿಕಾರ ಇರಬಾರದು, ‘ಅಸಹಜವಾದ ಬಾಗು’ ಇರಬಾರದು ಎಂದು ಹೇಳಿತ್ತು. ಕೆಳಗಿನ ದರ್ಜೆಗಳಲ್ಲಿ ಆಕಾರದ ದೋಷಕ್ಕೆ ಅವಕಾಶವೂ ಇತ್ತು. ಉದ್ದ ಕನಿಷ್ಠ 14 ಸೆಂಟಿಮೀಟರ್. ಇದು ಕ್ಯಾವೆಂಡಿಶ್ ಜಾತಿಯ ಹಣ್ಣಿಗೆ, ಅಂದರೆ ನಮ್ಮ ಪಚ್ಚಬಾಳೆಯ ಬಳಗಕ್ಕೆ. ನಿಮ್ಮ ತೋಟದಲ್ಲಿ ಏಲಕ್ಕಿ ಬಾಳೆ ಇದ್ದರೆ ಅದು ಈ ಲೆಕ್ಕಕ್ಕೇ ಬರುವುದಿಲ್ಲ.

ಸೌತೆಕಾಯಿಯದ್ದು ಇನ್ನೂ ಮಜಾ. 1988ರ ನಿಯಮದ ಪ್ರಕಾರ ಮೇಲಿನ ದರ್ಜೆಯ ಸೌತೆ 10 ಸೆಂಟಿಮೀಟರ್ ಉದ್ದಕ್ಕೆ 10 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿರಬಾರದು. ಕೇಳಿದರೆ ನಗು ಬರುತ್ತದೆ. ಆದರೆ ದೂರದೂರಿನಲ್ಲಿ ಕೂತು ಫೋನಿನಲ್ಲೇ ಪೆಟ್ಟಿಗೆಗಟ್ಟಲೆ ಕೊಳ್ಳುವ ವ್ಯಾಪಾರಿಗೆ ಒಂದು ಪೆಟ್ಟಿಗೆಯಲ್ಲಿ ಎಷ್ಟು ಸೌತೆ ಹಿಡಿಯುತ್ತದೆ ಎಂದು ಗೊತ್ತಾಗಬೇಕು. ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ ಎಂದು ವಿಂಗಡಿಸುವುದು ನಿಮಗೇನು ಹೊಸದಲ್ಲ. ಸೌತೆಯೂ ಸೇರಿ 26 ಬಗೆಯ ಹಣ್ಣು ತರಕಾರಿಗಳ ಇಂಥ ನಿಯಮವನ್ನು 2009ರ ಜುಲೈ 1ರಿಂದ ಕೈಬಿಟ್ಟರು. ಬಾಳೆಯ ನಿಯಮ ಅದರಲ್ಲಿ ಸೇರಿರಲಿಲ್ಲ.

ಇದು ನಗೆಯ ಸುದ್ದಿಯಾದದ್ದು ಮುಖ್ಯವಾಗಿ ಬ್ರಿಟನ್ನಿನ ಪತ್ರಿಕೆಗಳಲ್ಲಿ. ಬೋರಿಸ್ ಜಾನ್ಸನ್ 1989ರಿಂದ 1994ರವರೆಗೆ ‘ಡೈಲಿ ಟೆಲಿಗ್ರಾಫ್’ನ ಬ್ರಸೆಲ್ಸ್ ವರದಿಗಾರರಾಗಿದ್ದರು. ಇಂಥ ಬಣ್ಣದ ವರದಿಗಳಿಂದಲೇ ಹೆಸರು ಮಾಡಿದರು. 2016ರ ಬ್ರೆಕ್ಸಿಟ್ ಪ್ರಚಾರದಲ್ಲೂ ಅವರು ಬಾಳೆಹಣ್ಣಿನ ಆಕಾರದ ಮಾತು ತೆಗೆದರು. ಸುದ್ದಿಯಲ್ಲಿ ಒಂದು ಚೂರು ನಿಜ ಇದ್ದರೆ ಅದನ್ನು ಅಲ್ಲಗಳೆಯುವುದು ಕಷ್ಟ. ‘ಇಲ್ಲ, ಎರಡನೇ ದರ್ಜೆಗೆ ವಿನಾಯಿತಿ ಇದೆ’ ಎಂದು ಉತ್ತರ ಕೊಡುವವನೇ ಜೋಕಾಗುತ್ತಾನೆ.

ಪ್ರಶ್ನೆ: ಕೆಲಸದ ಮೇಲೆ ಬಂದು ಇಲ್ಲಿ ನೆಲೆಸಿದ್ದೇವೆ. ನನ್ನದು ಭಾರತದ ಪಾಸ್‌ಪೋರ್ಟ್. ಊರಲ್ಲಿದ್ದಾಗ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಯುರೋಪಿಯನ್ ಕಮಿಷನ್‌ಗೂ ಹಾಗೆ ಅರ್ಜಿ ಹಾಕಬಹುದಾ? — ಓದುಗರು, ಐಂಡ್‌ಹೋವನ್, ನೆದರ್‌ಲ್ಯಾಂಡ್ಸ್

ಧಾರಾಳವಾಗಿ ಹಾಕಬಹುದು. ಪಾಸ್‌ಪೋರ್ಟ್ ಯಾವುದು ಎಂಬುದು ಲೆಕ್ಕಕ್ಕಿಲ್ಲ. ಒಕ್ಕೂಟದ ಯಾವುದೇ ದೇಶದಲ್ಲಿ ವಾಸವಾಗಿದ್ದರೆ ಸಾಕು. ನಮ್ಮ ಕಾಯ್ದೆಯಲ್ಲಿ ಈ ಹಕ್ಕು ನಾಗರಿಕರಿಗೆ ಮಾತ್ರ. ಇಲ್ಲಿ ಯುರೋಪ್ ಒಂದು ಹೆಜ್ಜೆ ಮುಂದಿದೆ.

ನಿಯಮದ ಹೆಸರು 1049/2001. ಕಾರಣ ಹೇಳಬೇಕಿಲ್ಲ, ಅರ್ಜಿಗೆ ಶುಲ್ಕವಿಲ್ಲ. ಕೆಲಸದ 15 ದಿನಗಳಲ್ಲಿ ಉತ್ತರ ಕೊಡಬೇಕು. ತುಂಬಾ ದೊಡ್ಡ ಅರ್ಜಿಯಾದರೆ ಇನ್ನೂ 15 ದಿನ ತೆಗೆದುಕೊಳ್ಳಬಹುದು. ಕೊಡಲಿಲ್ಲ ಎಂದರೆ ಅದೇ ಸಂಸ್ಥೆಗೆ ಮತ್ತೊಮ್ಮೆ ಬರೆಯಬೇಕು. ಆಗಲೂ ಇಲ್ಲವೆಂದರೆ ಆಡಳಿತದ ಮೇಲಿನ ದೂರು ವಿಚಾರಿಸುವ ಯುರೋಪಿಯನ್ ಒಂಬುಡ್ಸ್‌ಮನ್ ಅಥವಾ ಕೋರ್ಟು. ಒಕ್ಕೂಟದ 24 ಭಾಷೆಗಳಲ್ಲಿ ಯಾವುದರಲ್ಲಿ ಬರೆದರೂ ನಡೆಯುತ್ತದೆ. ‘ಆಸ್ಕ್ ದಿ ಇಯು’ ಎಂಬ ತಾಣದ ಮೂಲಕ ಕೇಳಿದರೆ ನಿಮ್ಮ ಪ್ರಶ್ನೆ, ಅವರ ಉತ್ತರ ಎರಡೂ ಎಲ್ಲರಿಗೂ ಕಾಣುತ್ತವೆ. ಒಂದು ಎಚ್ಚರ: ಇದು ಒಕ್ಕೂಟದ ಸಂಸ್ಥೆಗಳಿಗೆ ಮಾತ್ರ. ಡಚ್ ಸರ್ಕಾರದ ಕಾಗದ ಬೇಕಿದ್ದರೆ 2022ರ ಮೇ 1ರಿಂದ ಜಾರಿಯಲ್ಲಿರುವ ಅವರ ಸ್ವಂತ ಕಾನೂನಿದೆ.

ಈ ಹಕ್ಕು ಸುಲಭಕ್ಕೆ ಬಂದದ್ದಲ್ಲ. ಸ್ವೀಡನ್‌ನಲ್ಲಿ ಸರ್ಕಾರಿ ಕಾಗದ ನೋಡುವ ಹಕ್ಕು 1766ರಿಂದ ಇದೆ. ಆ ದೇಶ, ಜೊತೆಗೆ ಫಿನ್‌ಲ್ಯಾಂಡ್, 1995ರಲ್ಲಿ ಒಕ್ಕೂಟ ಸೇರಿದವು. ‘ಯಾಕೆ ತೋರಿಸಬೇಕು’ ಎನ್ನುವ ಆಡಳಿತದ ಸಂಸ್ಕೃತಿಯೂ ‘ಯಾಕೆ ಮುಚ್ಚಬೇಕು’ ಎನ್ನುವ ಸಂಸ್ಕೃತಿಯೂ ಒಂದೇ ಮೇಜಿಗೆ ಬಂದು ಕೂತವು. 2001ರ ನಿಯಮ ಆ ಎಳೆದಾಟದಲ್ಲಿ ಹುಟ್ಟಿದ್ದು. ಅಂದಹಾಗೆ ಕೇಂದ್ರದ 2005ರ ಕಾಯ್ದೆಗೆ ಮೊದಲೇ, 2000ದಲ್ಲೇ, ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿಕೊಂಡಿತ್ತು.

ಈಗ ಕಹಿ ಮಾತು. ಕಾಗದ ರಾಶಿರಾಶಿ ಸಿಗುತ್ತದೆ, ಮಾತುಕತೆ ಸಿಗುವುದಿಲ್ಲ. ನನ್ನ ಪ್ರಕಾರ ಬ್ರಸೆಲ್ಸ್‌ನ ನಿಜವಾದ ತೊಂದರೆ ಇದೇ.

ಕೋವಿಡ್ ಹೊತ್ತಿನಲ್ಲಿ ಕಮಿಷನ್ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಮತ್ತು ಫೈಜರ್ ಕಂಪನಿಯ ಮುಖ್ಯಸ್ಥ ಆಲ್ಬರ್ಟ್ ಬುರ್ಲಾ ನಡುವೆ ಮೊಬೈಲ್ ಮೆಸೇಜ್‌ಗಳು ಓಡಾಡಿದವು ಎಂದು ‘ನ್ಯೂಯಾರ್ಕ್ ಟೈಮ್ಸ್’ 2021ರ ಏಪ್ರಿಲ್‌ನಲ್ಲಿ ಬರೆಯಿತು. ಮರುತಿಂಗಳು 180 ಕೋಟಿ ಡೋಸ್‌ವರೆಗಿನ ಲಸಿಕೆ ಒಪ್ಪಂದ ಆಯಿತು. ಆ ಮೆಸೇಜ್ ಕೊಡಿ ಎಂದು ಪತ್ರಕರ್ತರು ಅರ್ಜಿ ಹಾಕಿದರು. ನಮ್ಮ ಬಳಿ ಅಂಥ ದಾಖಲೆ ಇಲ್ಲ ಎಂದಿತು ಕಮಿಷನ್. ಒಂಬುಡ್ಸ್‌ಮನ್ ಆಗಿದ್ದ ಎಮಿಲಿ ಓ’ರೈಲಿ ಇದನ್ನು ದುರಾಡಳಿತ ಎಂದು ಕರೆದರು. ಪತ್ರಿಕೆ ಕೋರ್ಟಿಗೆ ಹೋಯಿತು. 2025ರ ಮೇ 14ರಂದು ಒಕ್ಕೂಟದ ಜನರಲ್ ಕೋರ್ಟು ಕಮಿಷನ್‌ನ ನಿರಾಕರಣೆಯನ್ನು ರದ್ದು ಮಾಡಿತು. ಸುಮ್ನೆ ‘ಇಲ್ಲ’ ಎಂದರೆ ಸಾಲದು, ಎಲ್ಲಿ ಹುಡುಕಿದಿರಿ, ಯಾಕೆ ಸಿಗಲಿಲ್ಲ ಎಂದು ನಂಬುವ ಹಾಗೆ ವಿವರಿಸಬೇಕು ಎಂಬುದು ತೀರ್ಪಿನ ತಿರುಳು.

ಇನ್ನೊಂದು ‘ಟ್ರೈಲಾಗ್’. ಕಾನೂನಿನ ಕರಡು ಹಿಡಿದು ಪಾರ್ಲಿಮೆಂಟ್, ಕೌನ್ಸಿಲ್, ಕಮಿಷನ್ ಮೂವರ ಕಡೆಯವರು ಮುಚ್ಚಿದ ಕೋಣೆಯಲ್ಲಿ ಚೌಕಾಸಿ ಮಾಡುತ್ತಾರೆ. ಅವರ ಮುಂದೆ ನಾಲ್ಕು ಕಾಲಂ ಕಾಗದ ಇರುತ್ತದೆ. ಮೊದಲ ಮೂರರಲ್ಲಿ ಮೂವರ ನಿಲುವು. ನಾಲ್ಕನೆಯದರಲ್ಲಿ ಈಗ ಕುದುರುತ್ತಿರುವ ರಾಜಿ. ಎಲ್ಲರಿಗೂ ಬೇಕಾದದ್ದು ಆ ನಾಲ್ಕನೆಯದೇ. ಪಾರ್ಲಿಮೆಂಟಿನ ಮಾಜಿ ಅಧಿಕಾರಿ ಎಮಿಲಿಯೊ ದೆ ಕಾಪಿತಾನಿ ಅದಕ್ಕಾಗಿ ಕೋರ್ಟಿಗೆ ಹೋಗಿ 2018ರ ಮಾರ್ಚ್‌ನಲ್ಲಿ ಗೆದ್ದರು. ಆದರೂ ಅರ್ಜಿ ಹಾಕಿ ಕಾಯುವಷ್ಟರಲ್ಲಿ ಕಾನೂನೇ ಪಾಸಾಗಿರುವ ಸಾಧ್ಯತೆ ಜಾಸ್ತಿ. ನೀವು ಕೇಳುವುದಿದ್ದರೆ ಬೇಗ ಕೇಳಿ. ‘ಈ ವಿಷಯದ ಎಲ್ಲ ದಾಖಲೆ’ ಎನ್ನಬೇಡಿ, ಇಂಥ ತಾರೀಖಿನ ಸಭೆಯ ಇಂಥ ಕಾಗದ ಎಂದು ಹೇಳಿ.

ಪ್ರಶ್ನೆ: ನಾನು ಅನುವಾದಕಿ. 24 ಭಾಷೆಗಳ ನಡುವೆ ಅಲ್ಲಿ ಹೇಗೆ ನಿಭಾಯಿಸುತ್ತಾರೆ? ಅನರ್ಥ ಆಗುವುದಿಲ್ಲವೇ? — ಓದುಗರು, ಮೈಸೂರು

ಅನರ್ಥ ಆಗುತ್ತದೆ, ಆದರೆ ನೀವು ಅಂದುಕೊಂಡ ಕಡೆ ಅಲ್ಲ.

24 ಭಾಷೆ ಅಂದರೆ 552 ಜೋಡಿ. ಫಿನ್ನಿಷ್‌ನಿಂದ ನೇರ ಮಾಲ್ಟೀಸ್‌ಗೆ ಮಾತು ದಾಟಿಸುವವರು ಸುಲಭಕ್ಕೆ ಸಿಗರು. ಹಾಗಾಗಿ ಒಬ್ಬರು ಫಿನ್ನಿಷ್‌ನಿಂದ ಇಂಗ್ಲಿಷ್‌ಗೆ ಹೇಳುತ್ತಾರೆ, ಅದನ್ನು ಕೇಳಿಸಿಕೊಂಡು ಇನ್ನೊಬ್ಬರು ಮಾಲ್ಟೀಸ್‌ಗೆ ಹೇಳುತ್ತಾರೆ. ಪಾರ್ಲಿಮೆಂಟಿನಲ್ಲಿ ಯಾರಾದರೂ ಜೋಕ್ ಹೊಡೆದರೆ ನಗು ಅಲೆ ಅಲೆಯಾಗಿ ಬರುತ್ತದೆ ಎಂಬ ಮಾತಿದೆ.

ಹೀಗೆ ದಾಟಿಸುವವರು ನುರಿತವರು, ಅಲ್ಲಿ ತಪ್ಪು ಕಡಿಮೆ. ಎಡವುವುದು ಎಲ್ಲರೂ ಇಂಗ್ಲಿಷ್ ಆಡಲು ಹೋದಾಗ. ಫ್ರೆಂಚಿನವರು ತಮ್ಮ ‘ದಮಾಂದೆ’ಯನ್ನು ಮನಸ್ಸಿನಲ್ಲಿಟ್ಟು ‘ಡಿಮ್ಯಾಂಡ್’ ಎಂದರೆ ಅವರ ಅರ್ಥ ಬರೀ ಕೇಳುವುದು. ಇಂಗ್ಲಿಷರ ಕಿವಿಗೆ ಅದು ಪಟ್ಟು ಹಿಡಿದ ಹಾಗೆ ಕೇಳುತ್ತದೆ.

ಎಲ್ಲಕ್ಕಿಂತ ಜಾಸ್ತಿ ಕಾಡಿದ ಪದ ‘ಫೆಡರಲ್’. 1991ರಲ್ಲಿ, ಒಕ್ಕೂಟವನ್ನು ಕಟ್ಟಿದ ಮಾಸ್ಟ್ರಿಕ್ಟ್ ಒಪ್ಪಂದದ ಕರಡಿನಲ್ಲಿ ‘ಫೆಡರಲ್ ಗುರಿ’ ಎಂಬ ಮಾತು ಬಂತು. ಜರ್ಮನ್ನರಿಗೆ ಆ ಪದ ಅಂದರೆ ಅಧಿಕಾರ ರಾಜ್ಯಗಳ ಕೈಯಲ್ಲಿ ಉಳಿಯುವುದು. ಬ್ರಿಟಿಷರಿಗೆ ಅಧಿಕಾರವೆಲ್ಲ ಬ್ರಸೆಲ್ಸ್‌ಗೆ ಹೋಗುವುದು. ಬ್ರಿಟನ್ನಿನ ಆಗಿನ ಪ್ರಧಾನಿ ಜಾನ್ ಮೇಜರ್ ಅವರ ಸರ್ಕಾರ ಹಟ ಹಿಡಿದು ಅದನ್ನು ತೆಗೆಸಿತು. ಪದ ಒಂದೇ, ಕಾಗುಣಿತವೂ ಹೆಚ್ಚುಕಡಿಮೆ ಒಂದೇ, ಕೇಳಿಸಿದ್ದು ಮಾತ್ರ ಉಲ್ಟಾ. ನಮ್ಮಲ್ಲಿ ‘ಒಕ್ಕೂಟ ವ್ಯವಸ್ಥೆಗೆ ಧಕ್ಕೆ’ ಎಂದರೆ ರಾಜ್ಯದ ಅಧಿಕಾರ ಕಿತ್ತುಕೊಳ್ಳುತ್ತಿದ್ದಾರೆ ಎಂದೇ ಅರ್ಥ, ಅಲ್ವಾ? ಈ ವಿಷಯದಲ್ಲಿ ನಮ್ಮ ಕಿವಿ ಜರ್ಮನ್ನರ ಕಿವಿ.

ಪ್ರಶ್ನೆ: ತುಳು 8ನೇ ಪರಿಚ್ಛೇದಕ್ಕೆ ಕಾಯುತ್ತಿರುವ ಹಾಗೆ ಅಲ್ಲೂ ಕಾಯುವ ಭಾಷೆಗಳಿವೆಯೇ? — ಓದುಗ, ಮಂಗಳೂರು

ಇವೆ. ಕ್ಯಾಟಲನ್, ಬಾಸ್ಕ್, ಗ್ಯಾಲಿಷಿಯನ್. ಮೂರನ್ನೂ ಸೇರಿಸಿಕೊಳ್ಳಿ, ಖರ್ಚು ನಾವೇ ಕೊಡುತ್ತೇವೆ ಎಂದು ಸ್ಪೇನ್ 2023ರಿಂದ ಕೇಳುತ್ತಿದೆ. ಆದರೆ 27 ದೇಶಗಳೂ ಒಪ್ಪಬೇಕು, ಒಂದು ಬೇಡವೆಂದರೂ ಇಲ್ಲ. 2025ರ ಮೇ ಸಭೆಯಲ್ಲೂ ಮತಕ್ಕೆ ಹಾಕದೆ ಮುಂದೂಡಿದರು. ಐರಿಷ್ ಭಾಷೆ ಅಧಿಕೃತವಾದದ್ದು 2007ರಲ್ಲಿ. ಪೂರ್ತಿ ಅನುವಾದದ ಸೌಲಭ್ಯ ಸಿಕ್ಕಿದ್ದು 2022ರ ಜನವರಿಯಲ್ಲಿ.