ತೆರಿಗೆ ಬಾಕಿ ಇದ್ದವರಿಗೆ ಸೆಕ್ಯುರಿಟಿ ಕ್ಲಿಯರೆನ್ಸ್: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಇವರು ಹಾಸನದ ಕಡೆಯವರು. ಅಮೆರಿಕದ ಪೌರತ್ವ ಪಡೆದು ಮೇರಿಲ್ಯಾಂಡ್‌ನಲ್ಲಿ ನೆಲೆಸಿರುವ ಎಂಜಿನಿಯರ್. ರಕ್ಷಣಾ ಇಲಾಖೆಯ ಗುತ್ತಿಗೆ ಕೆಲಸ ಮಾಡುವ ಕಂಪನಿಯೊಂದು ಇವರನ್ನು ತೆಗೆದುಕೊಳ್ಳಲು ಒಪ್ಪಿತ್ತು, ಸೆಕ್ಯುರಿಟಿ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡಲು ಬೇಕಾದ ಅನುಮತಿ, ಸಿಕ್ಕರೆ ಮಾತ್ರ. ಅದಕ್ಕಾಗಿ ತುಂಬಬೇಕಾದ ಎಸ್‌ಎಫ್-86 ಅರ್ಜಿಯಲ್ಲಿ 26ನೇ ವಿಭಾಗಕ್ಕೆ ಬಂದಾಗ ಕೈ ಓಡಲಿಲ್ಲ. ಕಳೆದ ಏಳು ವರ್ಷಗಳಲ್ಲಿ ತೆರಿಗೆ ರಿಟರ್ನ್ ಸಲ್ಲಿಸದೆ ಅಥವಾ ತೆರಿಗೆ ಕಟ್ಟದೆ ಬಿಟ್ಟದ್ದುಂಟೇ ಎಂದು ಅಲ್ಲಿ ಕೇಳುತ್ತಾರೆ. ಇವರು ಎರಡು ವರ್ಷ ಎರಡನ್ನೂ ಬಿಟ್ಟಿದ್ದರು.

ನೌಕರಿ ಹೋದ ಮೇಲೆ ಸ್ವತಂತ್ರವಾಗಿ ದುಡಿದ ವರ್ಷಗಳವು. ಅಂಥ ದುಡಿಮೆಯಲ್ಲಿ ತೆರಿಗೆಯನ್ನು ಮೊದಲೇ ಮುರಿದುಕೊಳ್ಳುವವರಿಲ್ಲ, ನಾವೇ ತೆಗೆದಿಟ್ಟು ಕಟ್ಟಬೇಕು. ತೆಗೆದಿಟ್ಟ ಹಣ ಊರಿನಲ್ಲಿ ತಾಯಿಯ ಚಿಕಿತ್ಸೆಗೆ ಹೋಯಿತು. ಕಟ್ಟಲು ದುಡ್ಡಿಲ್ಲದ ಮೇಲೆ ರಿಟರ್ನ್ ಸಲ್ಲಿಸಿ ಏನು ಪ್ರಯೋಜನ ಎಂದುಕೊಂಡರು. ಎಷ್ಟೋ ಜನ ಎಡವುವುದು ಇಲ್ಲೇ. ರಿಟರ್ನ್ ಸಲ್ಲಿಸದಿದ್ದರೆ ಬಾಕಿಯ ಮೇಲೆ ತಿಂಗಳಿಗೆ ಶೇ. 5ರಂತೆ ಶೇ. 25ರವರೆಗೆ ದಂಡ ಏರುತ್ತದೆ. ಸಲ್ಲಿಸಿ, ಹಣ ಮಾತ್ರ ಬಾಕಿ ಉಳಿಸಿಕೊಂಡವರಿಗೆ ದಂಡ ತಿಂಗಳಿಗೆ ಶೇ. 0.5.

ದಿನಸಿ ಅಂಗಡಿಯ ಚೀಲದಲ್ಲಿ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ ಪತ್ರಗಳನ್ನು ತುಂಬಿಕೊಂಡು ಬಂದಿದ್ದರು. ಹೆಚ್ಚಿನ ಲಕೋಟೆಗಳನ್ನು ಒಡೆದೇ ಇರಲಿಲ್ಲ. ಹೆಂಡತಿಯ ಕಣ್ಣಿಗೆ ಬೀಳಬಾರದೆಂದು ಕಾರಿನ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದರಂತೆ. “ಮೇಡಂ, ಸದ್ಯಕ್ಕೆ ‘ಇಲ್ಲ’ ಎಂದು ಬರೆದುಬಿಡಲೇ? ಕೆಲಸ ಸಿಕ್ಕ ಮೇಲೆ ಎಲ್ಲ ತೀರಿಸುತ್ತೇನೆ” ಎಂದರು.

ಖಂಡಿತ ಬೇಡ ಎಂದೆ. ಬೇಕೆಂದೇ ಸುಳ್ಳು ಬರೆದರೆ ಐದು ವರ್ಷದವರೆಗೆ ಸೆರೆವಾಸ ಆಗಬಹುದು. ಅದಿರಲಿ, ಕ್ಲಿಯರೆನ್ಸ್ ಕೊಡಬೇಕೇ ಎಂದು ತೀರ್ಮಾನಿಸಲು 2017ರ ಜೂನ್ 8ರಿಂದ ಜಾರಿಯಲ್ಲಿರುವ 13 ಮಾನದಂಡಗಳಲ್ಲಿ ಹಣಕಾಸಿನದು ‘ಎಫ್’. ಇಷ್ಟು ಡಾಲರ್ ದಾಟಿದರೆ ಅನರ್ಹ ಎಂಬ ಗೆರೆ ಅದರಲ್ಲಿಲ್ಲ. ಸಾಲ ಏಕಾಯಿತು, ಆದ ಮೇಲೆ ಈ ಮನುಷ್ಯ ಏನು ಮಾಡಿದ ಎಂಬುದನ್ನು ನೋಡುತ್ತಾರೆ. ಕೆಲಸ ಹೋದದ್ದು, ಹಠಾತ್ ಕಾಯಿಲೆ, ವಿಚ್ಛೇದನದಂಥ ಕೈಮೀರಿದ ಕಾರಣಗಳಿಗೆ ಅಲ್ಲಿ ಬೆಲೆಯಿದೆ, ಆದರೆ ಜವಾಬ್ದಾರಿಯಿಂದ ನಡೆದುಕೊಂಡಿದ್ದರೆ ಮಾತ್ರ. ಸರ್ಕಾರದ ಆತಂಕಕ್ಕೂ ಕಾರಣವಿದೆ: ಸಿಐಎಯ ಆಲ್ಡ್ರಿಚ್ ಏಮ್ಸ್ 1985ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರಲು ಹೊರಟದ್ದು ಸಾಲದ ಒತ್ತಡದಲ್ಲಿ. ಹೆಂಡತಿಗೂ ಹೇಳಲಾಗದ ಸಾಲವಿದ್ದರೆ ಬೆದರಿಸುವವರಿಗೆ ಅದೇ ಸಾಕು. ಹಾಗಾಗಿ ಮೊದಲು ಮನೆಯಲ್ಲಿ ಹೇಳಿ ಎಂದೆ. ಅವರಿಗೆ ಕಷ್ಟವಾದದ್ದು ಅದೊಂದೇ.

ಮುಂದಿನ ಭೇಟಿಗೆ ಇಬ್ಬರೂ ಬಂದರು. ಆಕೆ ಲಕೋಟೆಗಳನ್ನೆಲ್ಲ ಒಡೆದು, ವರ್ಷವಾರು ಜೋಡಿಸಿ ತಂದಿದ್ದರು. ಸಿಟ್ಟಿತ್ತು, ಸಾಲಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಎರಡೂ ವರ್ಷದ ರಿಟರ್ನ್‌ಗಳನ್ನು ತಕ್ಷಣ ಸಲ್ಲಿಸಲು ಹೇಳಿದೆ. ದಂಡ, ಬಡ್ಡಿ ಸೇರಿ ಬಾಕಿ 50,000 ಡಾಲರ್‌ಗಿಂತ ಕಡಿಮೆಯಿದ್ದುದರಿಂದ ಆನ್‌ಲೈನಿನಲ್ಲೇ ಕಂತಿಗೆ ಅರ್ಜಿ ಹಾಕಿದರು. ತೆರಿಗೆ ಇಲಾಖೆಯೊಂದಿಗೆ ಒಪ್ಪಂದ ಮಾಡಿಕೊಂಡು ಅದರಂತೆ ಕಟ್ಟುತ್ತಿರುವುದು ಮಾನದಂಡದಲ್ಲೇ ಹೇಳಿರುವ ಅನುಕೂಲಕರ ಅಂಶ. ಕ್ಲಿಯರೆನ್ಸ್ ತಪ್ಪುವ ಭಯಕ್ಕೆ ಕೊನೆಗಳಿಗೆಯಲ್ಲಿ ಕಟ್ಟಿದ ಹಣಕ್ಕೆ ಅಷ್ಟು ತೂಕವಿಲ್ಲ. ಒಂದು ಕಂತೂ ತಪ್ಪಬಾರದು ಎಂದು ಒತ್ತಿ ಹೇಳಿದೆ. ಕ್ರೆಡಿಟ್ ಕಾರ್ಡ್ ಸಾಲಕ್ಕೆ ಲಾಭರಹಿತ ಸಲಹಾ ಸಂಸ್ಥೆಗೆ ಕಳಿಸಿದೆ.

ಊರಿನಲ್ಲಿರುವ ಅಣ್ಣ ಜಮೀನು ಮಾರಿ ಹಣ ಕಳಿಸುತ್ತೇನೆ ಎಂದರಂತೆ. ಒಳ್ಳೆಯ ಮನಸ್ಸು, ಆದರೆ ಬೇಡ ಎಂದೆ. ವಿದೇಶದಲ್ಲಿರುವ ಬಂಧುಗಳು, ಆಸ್ತಿ, ವ್ಯವಹಾರದ ಬಗ್ಗೆಯೂ ಅದೇ ಅರ್ಜಿ ಕೇಳುತ್ತದೆ. ತೆರಿಗೆಯ ಪ್ರಶ್ನೆ ಬಗೆಹರಿಸಲು ಹೋಗಿ ಇನ್ನೊಂದನ್ನು ಮೈಮೇಲೆಳೆದುಕೊಳ್ಳುವುದೇಕೆ?

26ನೇ ವಿಭಾಗದಲ್ಲಿ ‘ಹೌದು’ ಎಂದು ಬರೆದು, ಕಾರಣ ವಿವರಿಸಿ ಅರ್ಜಿ ಕಳಿಸಿದ್ದಾರೆ. ತನಿಖೆ ನಡೆಯುತ್ತಿದೆ. ಆಕ್ಷೇಪಣೆಯ ನೋಟಿಸು ಕೈಸೇರಿದರೆ 20 ದಿನಗಳೊಳಗೆ ಪುರಾವೆ ಸಮೇತ ಉತ್ತರಿಸಬೇಕು. ಆ ಹಂತ ಬಂದರೆ ಈ ವಿಷಯ ಬಲ್ಲ ವಕೀಲರನ್ನೇ ಕಾಣಿ ಎಂದು ಇಬ್ಬರಿಗೂ ಹೇಳಿದ್ದೇನೆ.