ಬಿಟಿ ಬೆಳೆಸೋಕೆ ಹಿಂಡಿ ಸಾಕು, ಡ್ರಮ್ ಸಾಲದು

ಜೀವಾಮೃತದ ಹಾಗೆ ಡ್ರಮ್‌ನಲ್ಲಿ ಬೆಲ್ಲ, ಶೇಂಗಾ ಹಿಂಡಿ ಹಾಕಿ ಬಿಟಿ (ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಅನ್ನೋ, ಹುಳ ಕೊಲ್ಲುವ) ಬ್ಯಾಕ್ಟೀರಿಯಾ ಬೆಳೆಸಿ ಎಲೆಕೋಸಿನ ಹುಳಕ್ಕೆ ಹೊಡೆಯಬಹುದಾ ಅಂತ ಕೇಳಿದ್ದೀರಿ. ಹಿಂಡಿ ಸರಿ. ಡ್ರಮ್ ಬೇಡ.

ನಾನು ಜೈವಿಕ ಕೀಟನಾಶಕ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬ್ಯಾಕ್ಟೀರಿಯಾಕ್ಕೆ ಮೇವು ಅಂತ ಪುಸ್ತಕದಲ್ಲಿ ಬರುವ ಪೆಪ್ಟೋನ್, ಯೀಸ್ಟ್ ಎಕ್ಸ್‌ಟ್ರಾಕ್ಟ್ ದುಬಾರಿ. ಶೇಂಗಾ ಹಿಂಡಿ, ಸೋಯಾ ಹಿಟ್ಟು ಅದೇ ಕೆಲಸ ಮಾಡುತ್ತವೆ. ಲೀಟರ್ ನೀರಿಗೆ ನುಣ್ಣಗೆ ಪುಡಿ ಮಾಡಿದ ಹಿಂಡಿ 20-30 ಗ್ರಾಂ ಇದ್ದರಾಯಿತು. ಹುಳವನ್ನು ಕೊಲ್ಲುವುದು ಈ ಬ್ಯಾಕ್ಟೀರಿಯಾ ತನ್ನೊಳಗೆ ಕಟ್ಟುವ ಪ್ರೋಟೀನ್ ಹರಳು, ಹಾಗಾಗಿ ಪ್ರೋಟೀನ್ ಇರುವ ಮೇವೇ ಬೇಕು. ಸಿಹಿ ಜಾಸ್ತಿಯಾದರೆ ದ್ರಾವಣ ಹುಳಿಯಾಗಿ ಬೆಳವಣಿಗೆ ಕುಂಠಿತವಾಗುತ್ತದೆ. ಅದನ್ನು ತಡೆಯೋಕೆ ಸ್ವಲ್ಪ ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕುವುದುಂಟು.

ಶಾಖ 30 ಡಿಗ್ರಿ ಇರಬೇಕು, ದ್ರಾವಣದೊಳಗೆ ಗಾಳಿ ಎಡೆಬಿಡದೆ ಹೋಗುತ್ತಿರಬೇಕು. ಗಾಳಿ ಹಾಯಿಸಿದಾಗ ಹಿಂಡಿಯಿಂದ ಸಿಕ್ಕಾಪಟ್ಟೆ ನೊರೆ ಬರುತ್ತದೆ, ನಾಲ್ಕು ಹನಿ ಅಡುಗೆ ಎಣ್ಣೆ ಬಿದ್ದರೆ ಇಳಿಯುತ್ತದೆ. ಒಂದೇ ದಿನಕ್ಕೆ ದ್ರಾವಣ ಮಂದವಾಯಿತು ಅಂತ ತೆಗೆಯಬೇಡಿ. ಮೇವು ಮುಗಿದು ಬ್ಯಾಕ್ಟೀರಿಯಾ ಬೀಜಾಣು (ಕಷ್ಟಕಾಲ ಕಳೆಯುವ ಗಟ್ಟಿ ಕವಚದ ರೂಪ) ಕಟ್ಟುವಾಗಲೇ ಹರಳೂ ಕಟ್ಟುವುದು, ಅದಕ್ಕೆ ಎರಡು-ಮೂರು ದಿನ ಬೇಕು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊಟ್ಟೆಯಾಕಾರದ ಬೀಜಾಣು, ಪಕ್ಕದಲ್ಲೇ ಪುಟ್ಟ ಶಂಕರಪೋಳಿಯಂಥ ಹರಳು ಕಾಣುತ್ತದೆ. ಅದು ಕಾಣದಿದ್ದರೆ ಹೊಡೆದೂ ಪ್ರಯೋಜನವಿಲ್ಲ.

ಇನ್ನು ಡ್ರಮ್ ವಿಷಯ. ಜೀವಾಮೃತದಲ್ಲಿ ನೂರೆಂಟು ಜೀವಿಗಳಿದ್ದರೇನೇ ಒಳ್ಳೆಯದು, ಇಲ್ಲಿ ಒಂದೇ ಇರಬೇಕು. ಸುಮ್ನೆ ಕುದಿಸಿದರೆ ಹಿಂಡಿಯಲ್ಲಿರುವ ಬೇರೆ ಬೀಜಾಣುಗಳು ಸಾಯುವುದಿಲ್ಲ. ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ಕಾಯಿಸುವ, ಕುಕ್ಕರಿನಂಥ ಯಂತ್ರ) 121 ಡಿಗ್ರಿಗೆ ಕನಿಷ್ಠ 15-20 ನಿಮಿಷ ಇಡಬೇಕು. ಇಲ್ಲದಿದ್ದರೆ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾ ಸೇರಿಕೊಳ್ಳಬಹುದು. ಬಿಟಿಯ ಹತ್ತಿರದ ನೆಂಟ, ನೋಡೋಕೂ ಹಾಗೇ, ಆದರೆ ವಾಂತಿ-ಭೇದಿ ತರುವ ಜಾತಿ. ತಿನ್ನುವ ಕೋಸಿಗೆ ಅದನ್ನು ಹೊಡೆಯುವುದು ಬೇಕಾ?

ನಿಮ್ಮೊಬ್ಬರ ಹೊಲಕ್ಕಾದರೆ ಬಿಟಿ ಪ್ಯಾಕೆಟ್ ಕೊಳ್ಳುವುದೇ ವಾಸಿ. ಸಂಘದವರು ಸೇರಿ ಲ್ಯಾಬ್ ಮಾಡುವುದಾದರೆ ಹಿಂಡಿಯ ಲೆಕ್ಕ ಕೈಹಿಡಿಯುತ್ತದೆ. ಮಾರುವುದಾದರೆ ಮಾತ್ರ 1968ರ ಕೀಟನಾಶಕ ಕಾಯ್ದೆಯಡಿ ನೋಂದಣಿ ಬೇಕು.

ಬಿಸಿಲಿಗೆ ಬಿಟಿ ಬೇಗ ಕೆಡುತ್ತದೆ, ಸಂಜೆ ಹೊಡೆಯಿರಿ. ಪಕ್ಕದಲ್ಲಿ ಹಿಪ್ಪುನೇರಳೆ ತೋಟ ಇದ್ದರೆ ಹೊಡೆಯಲೇಬೇಡಿ. 1901ರಲ್ಲಿ ಜಪಾನಿನ ಇಷಿವಾತ ಅವರಿಗೆ ಈ ಬ್ಯಾಕ್ಟೀರಿಯಾ ಸಿಕ್ಕಿದ್ದೇ ಸಾಯುತ್ತಿದ್ದ ರೇಷ್ಮೆ ಹುಳಗಳಲ್ಲಿ.